ಕರಡಿ ಕಲಿಸುವ ಲ್ಯಾಟಿನ್

ಪ್ರೀತಿಯ ಪುಟ್ಟಿ,

ಜರ್ಮನಿಯಲ್ಲಿ ನೀನು ಸೇರಿದ ಕಡೆ ಇತಿಹಾಸ ಓದಲು ಲ್ಯಾಟಿನ್ ಪರೀಕ್ಷೆ ಪಾಸಾಗಬೇಕಂತೆ, ಸೀಸರ್‌ನ ಪುಸ್ತಕ ತೆರೆದರೆ ನಿನಗೆ ನಿದ್ದೆ ಬರುತ್ತದಂತೆ, ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಪಾದ್ರಿಯಾಗಲು ಗುರುಮಠದಲ್ಲಿ ಓದುವಾಗ ನಮಗೂ ಬರುತ್ತಿತ್ತು ಕಣಮ್ಮ. ಪಾಳೆಯ, ಕಂದಕ, ಮುತ್ತಿಗೆ. ಅದು ಮುಗಿಯಿತೆಂದರೆ ಇನ್ನೊಂದು ಮುತ್ತಿಗೆ. ತನ್ನ ಕಥೆಯನ್ನೇ 'ಸೀಸರ್ ಹೀಗೆ ಮಾಡಿದ' ಎಂದು ಬರೆದುಕೊಂಡ ಪುಣ್ಯಾತ್ಮ ಅವನು. ನಾನು, ನೀನು ಎಂದು ಎದುರುಬದುರು ಆಡುವ ಮಾತು ಅಲ್ಲಿ ಅಪರೂಪ. ವರ್ಷಗಟ್ಟಲೆ ಓದಿದವರಿಗೂ 'ಹಸಿವಾಗಿದೆ, ಬಾಗಿಲು ತೆಗೆ' ಎನ್ನಲು ನಾಲಿಗೆ ಹೊರಳುವುದಿಲ್ಲ.

ಅದಕ್ಕೇ 'ವಿನ್ನಿ ಇಲ್ಲೆ ಪೂ' ಎಂಬ ಲ್ಯಾಟಿನ್ ಪುಸ್ತಕ ತರಿಸಿಕೋ. ನೀನು ಚಿಕ್ಕವಳಿದ್ದಾಗ ತಬ್ಬಿಕೊಂಡು ಮಲಗುತ್ತಿದ್ದ ಅದೇ ಕರಡಿ. ಆ ಇಂಗ್ಲಿಷ್ ಕಥೆಯನ್ನು ಲ್ಯಾಟಿನ್‌ಗೆ ತಂದವರು ಅಲೆಕ್ಸಾಂಡರ್ ಲೇನಾರ್ಡ್. 1910ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ವೈದ್ಯಕೀಯ ಓದಿ, ನಾಜಿಗಳ ಕಾಟಕ್ಕೆ ರೋಮ್‌ಗೆ ಓಡಿ ಯುದ್ಧಕಾಲವನ್ನು ಅಲ್ಲೇ ಹೇಗೋ ಕಳೆದವರು. ಆಮೇಲೆ ಬ್ರೆಜಿಲ್ ಸೇರಿದರು. ಅಲ್ಲಿ ಮಕ್ಕಳಿಗೆ ಲ್ಯಾಟಿನ್ ಪಾಠ ಹೇಳುವಾಗ ಈ ಕರಡಿ ನೆರವಿಗೆ ಬಂತು. 1958ರಲ್ಲಿ ಸಾವೊ ಪೌಲೊದಲ್ಲಿ ಸ್ವಂತ ಖರ್ಚಿನಿಂದ ಕೆಲವೇ ಪ್ರತಿ ಅಚ್ಚು ಹಾಕಿಸಿದರು. 1960ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದೇ ತಡ, ನ್ಯೂಯಾರ್ಕ್ ಟೈಮ್ಸ್‌ನ ಬೆಸ್ಟ್‌ಸೆಲ್ಲರ್ ಪಟ್ಟಿಯಲ್ಲಿ 20 ವಾರ ಕೂತಿತು! ಕೊಂಡವರೆಲ್ಲ ಓದಿದರೆಂದು ನಾನು ನಂಬುವುದಿಲ್ಲ, ಬಿಡು.

ಮೊದಲು ಮೊಲದ ಮನೆಯ ಅಧ್ಯಾಯ ತೆಗೆ. ಜೇನು ತಿಂದು ತಿಂದು ಪೂ ಬಿಲದ ಬಾಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಹೊರಕ್ಕೂ ಇಲ್ಲ, ಒಳಕ್ಕೂ ಇಲ್ಲ. ಒಳಗೆ ಉಳಿದ ಹಿಂಗಾಲುಗಳ ಮೇಲೆ ಮೊಲ ಟವೆಲ್ ಒಣಹಾಕುತ್ತದೆ. ಕಥೆ ನಿನಗೆ ಬಾಯಿಪಾಠ. ಹಾಗಾಗಿ ಗೊತ್ತಿಲ್ಲದ ಪದ ಬಂದರೂ ಕಾಲೋ ಟವೆಲ್ಲೋ ಎಂದು ಊಹಿಸಬಹುದು; ಕ್ರಿಯಾಪದ ವಾಕ್ಯದ ಕೊನೆಯಲ್ಲಿದ್ದರೆ ಕನ್ನಡದವಳಿಗೆ ಗಾಬರಿಯೂ ಇಲ್ಲ. ಪುಟ ಮುಗಿಯುವವರೆಗೆ ನಿಘಂಟು ಮುಟ್ಟಬೇಡ. ಗಟ್ಟಿಯಾಗಿ ಓದು.

ಆದರೆ ಮಕ್ಕಳ ಪುಸ್ತಕ ಎಂದ ಮಾತ್ರಕ್ಕೆ ಸಲೀಸು ಎಂದುಕೊಳ್ಳಬೇಡ. ಲೇನಾರ್ಡ್ ಹಳೆಯ ರೋಮನ್ ಕವಿಗಳ ನುಡಿಗಟ್ಟುಗಳನ್ನು ಅಲ್ಲಲ್ಲಿ ಹೆಣೆದಿದ್ದಾರೆ. ಕರಡಿಯ ಬಾಯಲ್ಲಿ ಅವು ಬಂದಾಗ ನಗು ಬರುತ್ತದೆ, ಜೊತೆಗೆ ಬೆವರೂ ಇಳಿಯುತ್ತದೆ. ಪೀಟರ್ ನೀಡಮ್ 2003ರಲ್ಲಿ ತಂದ ಲ್ಯಾಟಿನ್ ಹ್ಯಾರಿ ಪಾಟರ್ ಇನ್ನೂ ಉದ್ದ, ಇನ್ನೂ ಬಿಗಿ. ಹೆಸರು ನೋಡಿ ಅದನ್ನೇ ಮೊದಲು ಕೊಳ್ಳಬೇಡ. ಪೂ ಕೂಡ ಕಷ್ಟವೆನಿಸಿದರೆ ಡೆನ್ಮಾರ್ಕ್‌ನ ಹನ್ಸ್ ಓರ್‌ಬರ್ಗ್ ಬರೆದ ಪಠ್ಯದಿಂದ ಶುರುಮಾಡು. ಮೊದಲ ಪುಟದಿಂದಲೇ ಪೂರ್ತಿ ಲ್ಯಾಟಿನ್. ಚಿತ್ರ ನೋಡುತ್ತಾ ಒಂದು ರೋಮನ್ ಮನೆಯವರ ಕಥೆ ಓದುತ್ತಾ ಹೋದರೆ ವಿಭಕ್ತಿಗಳು ತಾವಾಗಿ ಕೂರುತ್ತವೆ.

ಪರೀಕ್ಷೆಗೆ ಕರಡಿ ಬರುವುದಿಲ್ಲ, ಅದು ನಿಜ. ಬೆಳಿಗ್ಗೆ ತಲೆ ಹಗುರಾಗಿರುವಾಗ ಪರೀಕ್ಷೆಗೆ ಬೇಕಾದ ಸೀಸರ್, ಸಿಸೆರೊ; ರಾತ್ರಿ ಊಟವಾದ ಮೇಲೆ ಪೂ. ಭಾನುವಾರ ಬಲಿಪೂಜೆ ಮುಗಿಸಿಕೊಂಡು ಬಂದು ಫೋನ್ ಹತ್ತಿರವೇ ಇರುತ್ತೇನೆ, ಒಂದು ಪುಟ ಓದಿ ಹೇಳು. ಸಿಸೆರೊನ ಹೆಸರನ್ನು ನಾನು ಚರ್ಚಿನ ರೂಢಿಯಂತೆ 'ಚಿಚೆರೊ' ಎನ್ನುತ್ತೇನೆ, ನಿಮ್ಮ ಮೇಷ್ಟ್ರು ಬೇರೆ ಏನೋ ಅನ್ನುತ್ತಾರೆ. ಮಾರ್ಕ್ಸ್ ಕೊಡುವವರು ಅವರು, ಅವರ ಉಚ್ಚಾರಣೆಯೇ ನಡೆಯಲಿ.

ನಿನ್ನ
ಸ್ವಾಮಿ ತಾತ