ದೊಡ್ಡಕ್ಷರ ಎಲ್ಲಿ, ಚಿಕ್ಕಕ್ಷರ ಎಲ್ಲಿ?

ಇಂಗ್ಲಿಷಿನಲ್ಲಿ ಅರ್ಜಿ, ಬೋರ್ಡು ಬರೆಯಲು ಅಳುಕುವ ಬಾಣಸವಾಡಿಯ ಗೆಳೆಯರೇ, ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ತೊಡಕಾಗುವುದು ಸಹಜ, ನಾಚಿಕೆ ಬೇಡ. ‘ಬಾಣಸವಾಡಿ ಮೇನ್ ರೋಡ್’ ಎಂಬ ಹೆಸರಿನ ಮೂರೂ ಪದ ದೊಡ್ಡಕ್ಷರದಿಂದಲೇ ಶುರುವಾಗಬೇಕು. ಬರೀ ಮನೆ ಮುಂದಿನ ರೋಡ್ ಎಂದರೆ ‘ಆರ್’ ಚಿಕ್ಕದು. ವಾರ, ತಿಂಗಳು, ಭಾಷೆಗಳ ಹೆಸರಿಗೂ ದೊಡ್ಡಕ್ಷರವೇ. ಕನ್ನಡ ಎಂದು ಬರೆಯುವಾಗಲಂತೂ ‘ಕೆ’ ಯಾವತ್ತೂ ದೊಡ್ಡದಿರಲಿ!

ದೊಡ್ಡಕ್ಷರ ಬಿಟ್ಟರೆ ಹಲವರು ಎಡವುವುದು ಅಪಾಸ್ಟ್ರಫಿ (’) ಚಿಹ್ನೆಯಲ್ಲಿ. ಬೇಕರಿ ಬೋರ್ಡಿನಲ್ಲಿ ‘ಕೇಕ್ಸ್’, ‘ಪಫ್ಸ್’ ಎಂದು ಬರೆಸುವಾಗ ‘ಎಸ್’ಗೆ ಮುಂಚೆ ಅದನ್ನು ಹಾಕಿಸಬೇಡಿ, ಅಲ್ಲಿ ‘ಎಸ್’ ಬರೀ ಬಹುವಚನ. ‘ರವೀಸ್ ಬೇಕರಿ’ ಎಂದು ಒಡೆತನ ಹೇಳುವಾಗ ಬೇಕೇ ಬೇಕು. ‘ಇಟ್ಸ್’ ಮಾತ್ರ ಬೇರೆ ದಾರಿ. ಅದನ್ನು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದಿ. ವಾಕ್ಯ ಸರಿಹೋದರೆ ಮಾತ್ರ ಚಿಹ್ನೆ ಹಾಕಿ.