ನೀರೊಳಗಿನ ಬೆವರಿಗೆ ಯಾವ ಬಣ್ಣ?

ರನ್ನನ ‘ಗದಾಯುದ್ಧ’ವನ್ನು ಮಕ್ಕಳಿಂದ ಜಲವರ್ಣದಲ್ಲಿ ಬರೆಸಹೊರಟ ಚಿತ್ರಕಲಾ ಮೇಷ್ಟ್ರುಗಳಿಗೆ ನನ್ನ ಮೊದಲ ಮಾತು: ಕಿರೀಟ, ಗದೆ, ಮೀಸೆಯಿಂದ ಶುರು ಮಾಡಿಸಬೇಡಿ. ಮಕ್ಕಳು ಅವನ್ನು ಪದ್ಯದಿಂದ ತರುವುದಿಲ್ಲ, ಕ್ಯಾಲೆಂಡರಿನಿಂದಲೋ ಟಿ.ವಿ. ಮಹಾಭಾರತದಿಂದಲೋ ತರುತ್ತಾರೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರುತ್ತಾನೆ. ಕಥೆಯಷ್ಟೇ ಗೊತ್ತಿದ್ದರೆ ಇದಕ್ಕೆ ಹೆದರಿದ ಮುಖ ಬರೆದು ಮುಗಿಸಬಹುದು. ಆದರೆ ಅದೇ ಪದ್ಯದಲ್ಲಿ ರನ್ನ ಅವನ ಕಣ್ಣು ಕೋಪದಿಂದ ಕೆಂಪಾಗಿತ್ತು ಎಂದೂ ಹೇಳುತ್ತಾನೆ. ಹಾಗಾದರೆ ಬೆವರು ಭಯದ್ದೋ, ಸಿಟ್ಟಿನದೋ? ಕುಂಚ ಅದ್ದುವ ಮುಂಚೆ ಇದು ತೀರ್ಮಾನವಾಗಬೇಕು, ಅದಕ್ಕೆ ಪದ್ಯವನ್ನು ಮತ್ತೆ ಓದದೆ ದಾರಿಯಿಲ್ಲ. ಚಿತ್ರ ಬರೆಯುವುದೆಂದರೆ ಓದುವುದೇ ಎಂದು ನಾನು ವಾದಿಸುವುದು ಈ ಕಾರಣಕ್ಕೆ.

ಜಲವರ್ಣ ಈ ಓದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ನೀಲಿ ಹಸಿಯಿರುವಾಗ ಕೆಂಪು ತಾಗಿಸಿದರೆ ಕಣ್ಣು ಹರಡಿ ನೇರಳೆ ಕಲೆಯಾಗುತ್ತದೆ. ಆ ಜಾಗವನ್ನು ಮೊದಲೇ ಖಾಲಿ ಬಿಟ್ಟು, ಸುತ್ತಲ ನೀಲಿ ಒಣಗುವವರೆಗೆ ಕಾಯಬೇಕು. ಬೆವರಿಗೋ, ಒಣಗಿದ ನೀಲಿಯ ಮೇಲೆ ಒದ್ದೆ ಕುಂಚ ಆಡಿಸಿ ಬಟ್ಟೆಯಿಂದ ಒತ್ತಿದರೆ ಬಣ್ಣ ಎದ್ದು ಬಂದು ಮಸುಕು ಬೆಳಕು ಉಳಿಯುತ್ತದೆ. ನೀರೊಳಗೆ ಬೆವರು ಕಾಣುವುದಾದರೆ ಅಷ್ಟೇ ಕಂಡೀತು. ಬಿಳಿ ಪೋಸ್ಟರ್ ಬಣ್ಣದ ಚುಕ್ಕಿ ಇಟ್ಟಿರೋ, ಅದು ಬೆವರಲ್ಲ, ಮುತ್ತಿನ ಹಾರ. ಹಾಗೆಂದು ಬಿಳಿ ಡಬ್ಬಿಯನ್ನು ತರಗತಿಯೊಳಗೇ ಬಿಡದಿದ್ದದ್ದು ಮಾತ್ರ ನನ್ನ ಮೊಂಡುತನ. ಹಾಳೆ ಕೆಟ್ಟ ಮಗುವಿಗೆ ಅದು ಪಾಠವಾಗುವುದಿಲ್ಲ, ಶಿಕ್ಷೆಯಾಗುತ್ತದೆ.

ಹಳಗನ್ನಡ ಮಕ್ಕಳಿಗೆ ಕಷ್ಟ ಎನ್ನುತ್ತಾರೆ. ಇಡೀ ಕಾವ್ಯ ಯಾರು ಕೇಳಿದರು? ಒಂದು ಪದ್ಯ, ಜೊತೆಗೆ ಕನ್ನಡ ಮೇಷ್ಟ್ರು ಹತ್ತು ನಿಮಿಷ ಕೂತರೆ ಸಾಕು. ಒಂದೇ ಪೀರಿಯಡ್ಡಿನಲ್ಲಿ ಬಣ್ಣ ಒಣಗದು ಎಂಬುದು ನಿಜ. ಮೊದಲ ಪೀರಿಯಡ್ಡಿಗೆ ಪೆನ್ಸಿಲ್ ಮಾತ್ರ ಕೊಡಿ. ಪಠ್ಯಕ್ಕೆ ಕಟ್ಟಿಹಾಕಿದರೆ ಕಲ್ಪನೆ ಸಾಯುತ್ತದೆ ಎಂಬ ಆಕ್ಷೇಪ ಇವೆರಡಕ್ಕಿಂತ ಗಟ್ಟಿ. ಅದಕ್ಕೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೇ ಉತ್ತರ. ಕೋಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಅವರ ರಾಮಾಯಣದ ಚಿತ್ರಗಳು 1913ರಲ್ಲಿ ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುಸ್ತಕದಲ್ಲಿ ಅಚ್ಚಾದವು. ಬಣ್ಣ ಹಚ್ಚಿ, ಹಾಳೆಯನ್ನೇ ನೀರಿಗದ್ದಿ, ಮತ್ತೆ ಹಚ್ಚುವುದು ಆ ಗುರುವಿನ ಕ್ರಮ. ಕಥೆಯೂ ಕಟ್ಟು, ಕ್ರಮವೂ ಕಟ್ಟು. ಆದರೂ ಶಿಷ್ಯ ಯಾರ ನೆರಳೂ ಆಗಲಿಲ್ಲ.

ಇನ್ನು ಸ್ಪರ್ಧೆಗಳ ತೀರ್ಪುಗಾರರು. ಕಿರೀಟದ ಹೊಳಪಿಗೆ ಅಂಕ ಕೊಡುವ ಇವರ ಮುಂದೆ ಚಿತ್ರಗಳ ರಾಶಿ ಇರುತ್ತದೆ, ಪದ್ಯ ಇರುವುದಿಲ್ಲ. ಹಾಳೆಯ ಬೆನ್ನಿಗೆ ಪದ್ಯ ಬರೆದು ಅಂಟಿಸಿ ಕಳಿಸಿ. ತಿರುಗಿಸಿ ನೋಡುತ್ತಾರೆಂಬ ಭರವಸೆಯನ್ನೇನೂ ನಾನು ಕೊಡಲಾರೆ.