ಮೂರ್ಛೆರೋಗದ ಮೂಲ ಮಿದುಳಿನಲ್ಲಿ ಎಲ್ಲಿದೆ?

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಗೊಂಚಲು ಕೊಡುವುದು, ಈರುಳ್ಳಿ ಮೂಸಿಸುವುದು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಇಂದಿಗೂ ಉಂಟು. ಇವುಗಳಿಂದ ಪ್ರಯೋಜನವಿಲ್ಲ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ. 5 ನಿಮಿಷ ಮೀರಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರ್ಛೆರೋಗ ದೆವ್ವದ ಕಾಟವಲ್ಲ, ಅಂಟುರೋಗವೂ ಅಲ್ಲ. ಮಿದುಳಿನ ನರಕೋಶಗಳಲ್ಲಿ ಹಠಾತ್ತನೆ ಉಂಟಾಗುವ ಅಸಹಜ ವಿದ್ಯುತ್ ಚಟುವಟಿಕೆಯೇ ಇದಕ್ಕೆ ಕಾರಣ.

ಹತ್ತು ರೋಗಿಗಳಲ್ಲಿ ಸುಮಾರು ಏಳು ಮಂದಿಗೆ ಮಾತ್ರೆಗಳಿಂದಲೇ ಫಿಟ್ಸ್ ಹತೋಟಿಗೆ ಬರುತ್ತದೆ. ಉಳಿದವರ ಗತಿಯೇನು? ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ತಕ್ಕ ಪ್ರಮಾಣದಲ್ಲಿ, ತಪ್ಪದೆ ಸೇವಿಸಿದರೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆರೋಗ. ಇಂಥವರಲ್ಲಿ ಕೆಲವರಿಗೆ, ಫಿಟ್ಸ್ ಹುಟ್ಟುವ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಆದರೆ ಆ ಭಾಗ ಎಲ್ಲಿದೆ ಎಂಬುದು ಮೊದಲು ನಿಖರವಾಗಿ ತಿಳಿಯಬೇಕು.

ಇ.ಇ.ಜಿ. ಪರೀಕ್ಷೆ ಮಿದುಳಿನ ವಿದ್ಯುತ್ತನ್ನು ತಲೆಯ ಚರ್ಮದ ಮೇಲಿನಿಂದ ಅಳೆಯುತ್ತದೆ. ತಲೆಬುರುಡೆಯನ್ನು ದಾಟುವಾಗ ಈ ಸಂಕೇತ ಹರಡಿ ಮಸುಕಾಗುತ್ತದೆ. ಎಂ.ಆರ್.ಐ. ಚಿತ್ರದಲ್ಲಿ ಕೆಲವರಿಗೆ ಯಾವ ದೋಷವೂ ಕಾಣುವುದಿಲ್ಲ. ಆಗ ನೆರವಾಗುವುದು ಎಂ.ಇ.ಜಿ., ಅಂದರೆ ಮಿದುಳಿನ ಕಾಂತೀಯ ದಾಖಲೆ.

ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರವೂ ಏಳುತ್ತದೆ. ತಲೆಬುರುಡೆ ಇದನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆದರೆ ಇದು ಭೂಮಿಯ ಕಾಂತಕ್ಷೇತ್ರಕ್ಕಿಂತ ಕೋಟ್ಯಂತರ ಪಾಲು ದುರ್ಬಲ. ಇದನ್ನು ಮೊದಲು ಅಳೆದವರು ಭೌತವಿಜ್ಞಾನಿ ಡೇವಿಡ್ ಕೋಹೆನ್, 1968ರಲ್ಲಿ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಯಂತ್ರವಿದೆ. ಹೊರಗಿನ ಕಾಂತಪ್ರಭಾವ ತಡೆಯುವ ವಿಶೇಷ ಕೋಣೆಯಲ್ಲಿ, ದೊಡ್ಡ ಶಿರಸ್ತ್ರಾಣದಂಥ ಯಂತ್ರದೊಳಗೆ ತಲೆಯಿಡಬೇಕು. ಅದರ ಸಂವೇದಕಗಳನ್ನು ದ್ರವ ಹೀಲಿಯಂ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಂಪಾಗಿಡುತ್ತದೆ. ಈ ದಾಖಲೆಗೆ ಚುಚ್ಚುವುದಿಲ್ಲ, ವಿಕಿರಣವಿಲ್ಲ, ನೋವಿಲ್ಲ. ಬಳೆ, ತಾಳಿ, ಹೇರ್‌ಪಿನ್ ಎಲ್ಲವನ್ನೂ ತೆಗೆದಿಡಬೇಕು. ಬೀಗದ ಕೈಯಂತೂ ಒಳಗೆ ಹೋಗುವಂತೆಯೇ ಇಲ್ಲ!

ಫಿಟ್ಸ್ ಇಲ್ಲದ ವೇಳೆಯಲ್ಲೂ ಮಿದುಳಿನಲ್ಲಿ ಏಳುವ ಅಸಹಜ ಅಲೆಗಳನ್ನು ಯಂತ್ರ ಹಿಡಿಯುತ್ತದೆ. ಅವು ಹೊರಟ ಜಾಗವನ್ನು ಎಂ.ಆರ್.ಐ. ಚಿತ್ರದ ಮೇಲೆ ಗುರುತಿಸುತ್ತಾರೆ. ಮಿದುಳಿನ ಆಳದ ಭಾಗಗಳ ಸಂಕೇತ ಕ್ಷೀಣವಾದ್ದರಿಂದ ಇದೊಂದನ್ನೇ ನಂಬಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ, ವಿಡಿಯೋ ಇ.ಇ.ಜಿ. ಮುಂತಾದ ಪರೀಕ್ಷೆಗಳೊಡನೆ ತಾಳೆ ನೋಡುತ್ತಾರೆ.

ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ಮಾತ್ರೆಯಿಂದ ಗುಣ ಕಂಡವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಎರಡು ಔಷಧಿ ಸೋತ ಮೇಲೂ ಹಣೆಬರಹವೆಂದು ಸುಮ್ಮನೆ ಕೂರಬೇಡಿ. ನಿಮ್ಮ ವೈದ್ಯರಿಂದ ಪತ್ರ ಪಡೆದು ನರರೋಗ ತಜ್ಞರನ್ನು ಕಾಣಿರಿ. ಹಳೆಯ ಚೀಟಿಗಳು, ಫಿಟ್ಸ್ ಬಂದ ದಿನಗಳ ಪಟ್ಟಿ, ಮೊಬೈಲ್‌ನಲ್ಲಿ ತೆಗೆದ ಚಿತ್ರೀಕರಣ ಜೊತೆಗಿರಲಿ.